ಕಂಡಕ್ಟರ ಕಣ್ಣಿನ ಡ್ರಾಪ್ಸು

ನನ್ನ ಸ್ವಂತ ದನಿ ಕತ್ತೆಮರಿಯದು. ಆದರೆ ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ನಾನು ದಿನಾ ಕಾಲೇಜಿಗೆ ಹೋಗುತ್ತಿದ್ದ ಬಸ್ಸಿನ ಕಂಡಕ್ಟರ ದನಿಯನ್ನು ಅವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದೆ. ಅವರ ಪಕ್ಕದಲ್ಲೇ ನಿಂತು, "ಒಳಗೆ ಹೋಗ್ರಿ, ಜಾಗ ಐತೆ" ಎಂದರೆ ಬಸ್ಸೆಲ್ಲ ನಗುತ್ತಿತ್ತು. ಅವರು ಓರೆಗಣ್ಣಿನಲ್ಲೇ ನೋಡಿ ತಲೆಗೆ ಮೊಟಕುತ್ತಿದ್ದರು. "ನಂಗೆ ಎಲ್ಲಾ ಕಾಣ್ತೈತೆ, ಮಗನೆ!"

ಧೂಳಿಗೆ ಅವರ ಕಣ್ಣು ಸದಾ ಕೆಂಪು. ಗೋವಿನಕೋವಿಯಲ್ಲಿ ಬಸ್ಸು ನಿಂತಾಗ ತಲೆ ಹಿಂದಕ್ಕೆ ಬಾಗಿಸಿ ಡ್ರಾಪ್ಸ್ ಬಿಟ್ಟುಕೊಳ್ಳುವರು. ಯಾರೋ ಡಾಕ್ಟರು ಒಂದೇ ವಾರಕ್ಕೆಂದು ಬರೆದದ್ದನ್ನು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ಪಡೆದು ವರ್ಷಗಟ್ಟಲೆ ಹಾಕಿದರು. ಮಗಳ ಕಣ್ಣು ತುರಿಸಿದರೂ ಅದೇ ಬಾಟಲಿ.

ಒಂದು ದಿನ ಅವರ ಎಡಪಕ್ಕ ನಿಂತು, ದನಿ ತೆಗೆಯದೆ, ಅವರು ಟಿಕೆಟ್ ಹರಿಯುವುದನ್ನು ಕೈಯಲ್ಲೇ ಅಣಕಿಸಿದೆ. ಬಸ್ಸು ನಕ್ಕಿತು. ಮೊಟಕು ಬೀಳಲಿಲ್ಲ. ಅವರು ಮುಂದಕ್ಕೇ ನೋಡುತ್ತ, "ಯಾಕ್ರೀ ನಗ್ತೀರಿ?" ಎಂದರು.

ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅವರೇ ನನಗೆ ಹೇಳಿದರು: "ಅದ್ರಾಗೆ ಸ್ಟೀರಾಯ್ಡ್ ಐತಂತೆ. ಕೆಲವು ಮನೆತನದೋರ ಕಣ್ಣಿಗೆ ಅದು ಆಗಂಗಿಲ್ಲಂತೆ. ಒಳಗೆ ಒತ್ತಡ ಏರಿ ನರ ಸಾಯ್ತೈತೆ, ಪಕ್ಕದ್ದು ಕಾಣೋದು ಮೊದ್ಲು ಹೋಗ್ತೈತೆ, ಹೋದ ದೃಷ್ಟಿ ಬರಂಗಿಲ್ಲ. ನಮ್ಮಪ್ಪಂಗೂ ಇದೇ ಗ್ಲುಕೋಮಾ ಇತ್ತು ಅಂದೆ. ಹಂಗಾರೆ ಮಗಳನ್ನೂ ಕರ್ಕೊಂಡ್ ಬಾ ಅಂದ್ರು ಡಾಕ್ಟ್ರು."

ಮರುದಿನ ಮಗಳೊಂದಿಗೆ ಪ್ರಯಾಣಿಕರಾಗಿ ಹತ್ತಿದರು. ನಾನು ನಗಿಸಲು ನೋಡಿದೆ: "ಒಳಗೆ ಹೋಗ್ರಿ, ಜಾಗ ಐತೆ." ಅವರು ತಮ್ಮ ಎಡಕ್ಕೆ ಕೂತಿದ್ದ ಮಗಳನ್ನು ಎಬ್ಬಿಸಿ ಬಲಕ್ಕೆ ಕೂರಿಸಿಕೊಂಡರು. ಮುಂದೆ ನೋಡು ಎಂದು, ಅವಳ ಕಿವಿಯ ಪಕ್ಕದಲ್ಲಿ ಬೆರಳು ಆಡಿಸುತ್ತ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು.

"ಕಾಣ್ತೈತೇನವ್ವ? ಈಗ?"