ಸಾವ್ಕಾರರಿಗೆ ಹಾಕಿದ ಮೊದಲ ದಂಡ

ಕಳೆದ ವರ್ಷ ಆಷಾಢ ಏಕಾದಶಿಯ ಮರುದಿನ ಬೆಳಿಗ್ಗೆ, ಮಿಯಾಪುರದ ನಮ್ಮ ರಸ್ತೆಯಲ್ಲಿ ನನ್ನ ಅಣ್ಣ ತನ್ನ ಗೆಳೆಯರೊಬ್ಬರ ಗಾಡಿಗೆ ದಂಡ ಹಾಕಿದ. ಅಣ್ಣ ಪೊಲೀಸನಲ್ಲ. ದಂಡ ಹಾಕುವ ಅಧಿಕಾರ ಅವನ ಕೈಗೆ ಬಂದು ಅದು ಮೊದಲ ದಿನ.

ಪೊಲೀಸರ ಆ ಯೋಜನೆಯ ಸುದ್ದಿ ಬಂದಾಗ ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಅಡ್ಡಾದಿಡ್ಡಿ ಗಾಡಿ ನಿಲ್ಲಿಸುವುದು, ರಸ್ತೆಗೆ ಕಸ ಸುರಿಯುವುದು, ಉಗುಳುವುದು ಇಂಥ ಸಣ್ಣ ತಪ್ಪುಗಳಿಗೆ ಇನ್ನು ಆಯ್ದ ನಾಗರಿಕರೇ ದಂಡ ವಿಧಿಸಬಹುದು, ಪ್ರಯೋಗಕ್ಕೆ ಕೆಲವು ಬಡಾವಣೆಗಳು. ಒಳಪುಟದಲ್ಲಿ ನಾಲ್ಕು ಸಾಲು ಹೋಯಿತು. ಆಯ್ದವರಲ್ಲಿ ಅಣ್ಣನೂ ಇದ್ದಾನೆಂದು ನನಗೆ ತಿಳಿಸಿದ್ದು ಅವನ ಹೆಂಡತಿ, ನಮ್ಮ ವೈನಿ.

"ರಿಟೈರ್ ಆಗೀರಿ, ಆರಾಮ ಕುಂದರ್ರಿ ಅಂದ್ರ, ಪೊಲೀಸ್ರು ಕೊಟ್ಟ ಜಾಕೀಟ್ ಹಾಕ್ಕೊಂಡು ಕನ್ನಡಿ ಮುಂದ ನಿಂತಾರ ನೋಡು ನಿಮ್ಮಣ್ಣ."

ನಮ್ಮದು ಕೊಪ್ಪಳದ ಕಡೆಯ ಮನೆತನ, ನಿಜಾಮರ ಕಾಲದಿಂದ ಸರ್ಕಾರಿ ನೌಕರಿ. ಪರಭಾಷೆಯವರ ಊರಿನಲ್ಲಿ ಅಧಿಕಾರ ಸಿಕ್ಕರೆ ಮೊದಲು ನಮ್ಮವರನ್ನೇ ಬಿಗಿ ಹಿಡಿಯಬೇಕು, ಆಗ ಯಾರೂ ಬೆರಳು ತೋರಿಸುವುದಿಲ್ಲ ಎಂದು ತಂದೆ ಹೇಳುತ್ತಿದ್ದರು. ಅಣ್ಣ ತನ್ನ ನೌಕರಿಯನ್ನೆಲ್ಲ ಹಾಗೆಯೇ ಮಾಡಿದ್ದ.

ತೆಲುಗಿನವರೇ ಹೆಚ್ಚಿರುವ ಆ ರಸ್ತೆಯಲ್ಲಿ ಅವನಿಗೆ ನಮ್ಮವರೆಂದರೆ ಬೀದರಿನ ಕಡೆಯ ಬಟ್ಟೆ ವ್ಯಾಪಾರಿ. ಅಂಗಡಿ ತಿರುವಿನಲ್ಲಿ, ಮನೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ. ಎಲ್ಲರೂ ಕರೆಯುವುದು ಸಾವ್ಕಾರರು ಎಂದು. ಅಣ್ಣನಿಗಿಂತ ಕಿರಿಯರು, ಅವನನ್ನು 'ಅಣ್ಣಾರ' ಎನ್ನುತ್ತಿದ್ದರು. ಮಳೆಯಿರಲಿ ಚಳಿಯಿರಲಿ, ಬೆಳಿಗ್ಗೆ ಇಬ್ಬರೂ ಮೆಟ್ರೋ ಪಿಲ್ಲರುಗಳ ಪಕ್ಕ ನಡೆದು ಇರಾನಿ ಹೋಟೆಲಿಗೆ ಹೋಗುವರು. ಇಬ್ಬರಿಗೂ ಸಕ್ಕರೆ ಕಾಯಿಲೆ. ಒಂದೇ ಉಸ್ಮಾನಿಯಾ ಬಿಸ್ಕತ್ತು ತರಿಸಿ ಮುರಿದು ಹಂಚಿಕೊಳ್ಳುವರು.

ಆ ಬೆಳಿಗ್ಗೆಯೂ ಹಂಚಿಕೊಂಡಿದ್ದರು. ಆಮೇಲೆ ಅಣ್ಣ ಮನೆಗೆ ಬಂದು ಜಾಕೆಟ್ ಹಾಕಿಕೊಂಡು ಕೆಳಗಿಳಿದ. ನಾನೂ ಹಾಲಿಗೆಂದು ಹೊರಟಿದ್ದೆ. ಸಾವ್ಕಾರರು ಬಟ್ಟೆಯ ಮೂಟೆ ಸಾಗಿಸುವ ಟ್ರಾಲಿ ಆಟೊ ಎಂದಿನಂತೆ ಹಳದಿ ಗೆರೆ ದಾಟಿ ರಸ್ತೆಗೆ ಚಾಚಿಕೊಂಡು ನಿಂತಿತ್ತು. ಅಣ್ಣ ಫೋಟೊ ತೆಗೆದ.

"ತಗೋರಿ ತಗೋರಿ ಅಣ್ಣಾರ, ಗಾಡಿ ಜೋಡಿ ನಂದೂ ಒಂದು ತಗೋರಿ. ಹೊಸಾ ಅಂಗಿ ಹಾಕೀನಿ," ಎಂದು ಸಾವ್ಕಾರರು ಅಂಗಡಿ ಕಟ್ಟೆಯ ಮೇಲಿಂದ ನಕ್ಕರು.

ಅಣ್ಣನ ಕೈಯಲ್ಲಿ ಕಂಡಕ್ಟರರ ಟಿಕೆಟ್ ಯಂತ್ರದಂಥದ್ದು ಇತ್ತು. ಅದರಿಂದ ಚೀಟಿ ಹೊರಬಂತು. ಸಾವ್ಕಾರರು ಅದನ್ನು ಓದಿದರು. ನಗು ನಿಂತಿತು.

"ಈಗ ಜೋಡೀಲೆ ಚಾ ಕುಡದು ಬಂದೇವಲ್ರಿ. ಅಲ್ಲೇ ಒಂದು ಮಾತು ಅಂದಿದ್ರ ಗಾಡಿ ತೆಗಸ್ತಿದ್ದೆ."

"ಮೊದಲ ಹೇಳಿದ್ರ ಅದು ವಶೀಲಿ ಆಗತೈತಿ ಸಾವ್ಕಾರ್ರ."

"ವಶೀಲಿ ಅಲ್ರಿ, ಅದಕ್ಕ ದೋಸ್ತಿ ಅಂತಾರ."

ಮಧ್ಯಾಹ್ನದೊಳಗೆ ಸಾವ್ಕಾರರು ದಂಡ ಕಟ್ಟಿದರು. ಗಾಡಿಯನ್ನು ಗೆರೆಯ ಒಳಗೆ ತಂದು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ವಾಕಿಂಗಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ತಂದೆಯ ಪಾಠ ಫಲ ಕೊಟ್ಟಿತು. "ಇನೊ ದೋಸ್ತ್ ಕೋ ನೈ ಛೋಡೆ, ಹಮ್ ಕ್ಯಾ ಹೈ," ಎಂದು ತರಕಾರಿಯವನು ತಳ್ಳುಗಾಡಿಯನ್ನು ತಾನೇ ಒಳಗೆ ಸರಿಸಿಕೊಂಡ. ಗೆಳೆಯನನ್ನೇ ಬಿಡದವರು ತನ್ನನ್ನು ಬಿಟ್ಟಾರೆಯೇ ಎಂಬುದು ಅವನ ಲೆಕ್ಕ. ಎಲ್ಲರೂ ಹಾಗಿರಲಿಲ್ಲ. ದೊಡ್ಡ ಕಾರಿನವರೊಬ್ಬರು ಗಾಜು ಇಳಿಸಿ "ಏಂಟಿ ಸಾರೂ, ಮೀರು ಪೊಲೀಸಾ?" ಎಂದು, ನೀವೇನು ಪೊಲೀಸರೇ ಎಂಬಂತೆ ಕೇಳಿ, ಉತ್ತರಕ್ಕೆ ಕಾಯದೆ ಗಾಜು ಏರಿಸಿದರು. ಅಣ್ಣ ಗುರುತಿನ ಚೀಟಿ ಹಿಡಿದುಕೊಂಡು ಹಾಗೇ ನಿಂತಿದ್ದ. ಶ್ರಾವಣ ಕಳೆಯುವಷ್ಟರಲ್ಲಿ ರಸ್ತೆ ಮುಕ್ಕಾಲು ಪಾಲು ಚೊಕ್ಕಟವಾಯಿತು. ಮನೆಗೆ ಬಂದರೆ ಅಣ್ಣ ಜಾಕೆಟ್ಟಿನ ಬೆವರು ಆರುವ ತನಕ ಫ್ಯಾನಿನ ಕೆಳಗೆ ಕೂರುತ್ತಿದ್ದ. ಒಂದು ಬೆಳಿಗ್ಗೆ ನಾನು ಹೋಟೆಲಿಗೆ ಅವನ ಜೊತೆ ಹೋದೆ. ಬಿಸ್ಕತ್ತು ಮುರಿದು ಅರ್ಧ ತಿಂದ. ನನಗೆ ಕೊಡಲಿಲ್ಲ, ಉಳಿದರ್ಧ ತಟ್ಟೆಯಲ್ಲೇ ಇತ್ತು.

"ಸಾವ್ಕಾರ್ರನ್ನ ಹೋಗಿ ಮಾತಾಡಿಸಿ ಬರ್ರಿ," ಎಂದರು ವೈನಿ, ಅಣ್ಣನಿಗೆ.

"ಏನಂತ? ಗಾಡಿ ಗೆರಿ ಹೊರಗ ಇದ್ದಿದ್ದು ಖರೇನ ಐತಿ."

"ಗೆರಿ ಸುಡ್ಲಿ. ದಸರಾಕ್ಕ ಬನ್ನಿ ಕೊಡಾಕ ಅವರು ಬರಲಿಲ್ಲಂದ್ರ ಏನ್ ಮಾಡ್ತೀರಿ?"



ವಿಜಯದಶಮಿಯ ಸಂಜೆ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ನಮಸ್ಕರಿಸುವುದು ನಮ್ಮಲ್ಲಿ ಪದ್ಧತಿ. ಆ ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯಬೇಕು. ಇಲ್ಲಿ ತೆಲುಗಿನವರೂ ಅದೇ ಎಲೆಯನ್ನು ಜಮ್ಮಿ ಎಂದು ಹಂಚುತ್ತಾರೆ. ಪ್ರತಿ ವರ್ಷ ನಮ್ಮ ಮನೆಗೆ ಮೊದಲು ಬರುತ್ತಿದ್ದವರು ಸಾವ್ಕಾರರು. ಆ ಸಲ ಅಣ್ಣ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕುಳಿತ. ಮೇಲಿನ ಮನೆಯವರು ಬಂದರು, ಪಕ್ಕದವರು ಬಂದರು. ದೀಪ ಹಚ್ಚಿದ ಮೇಲೂ ಸಾವ್ಕಾರರು ಬರಲಿಲ್ಲ. ಅಣ್ಣ ಎದ್ದು, ತಟ್ಟೆಯಿಂದ ಒಂದು ಹಿಡಿ ಎಲೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದ. ಹಿರಿಯರು ತಾವಾಗಿ ಬನ್ನಿ ಕೊಡಲು ಹೊರಟದ್ದನ್ನು ನಾನು ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಜೊತೆಗೆ ಹೋದೆ.

ಅಂಗಡಿಯಲ್ಲಿ ಪೂಜೆ ಮುಗಿದಿತ್ತು. ಸಾವ್ಕಾರರು ಅಣ್ಣನನ್ನು ಕಂಡೊಡನೆ ಮೆಟ್ಟಿಲಿಳಿದು ಬಂದರು. ಎರಡೂ ಕೈಯಲ್ಲಿ ಎಲೆ ತೆಗೆದುಕೊಂಡರು, ತಮ್ಮ ಎಲೆ ಕೊಟ್ಟರು, ಬಗ್ಗಿ ಕಾಲು ಮುಟ್ಟಿದರು.

"ಬಂಗಾರದಂಗ ಇರೂನ್ರಿ ಸಾಹೇಬ್ರ."

"ಸಾಹೇಬ್ರ ಯಾಕ? ನಾ ಅಣ್ಣ ಅಲ್ಲೇನು?"

"ಜಾಕೀಟ್ ಇರೂತನ ಸಾಹೇಬ್ರೇ ರಿ. ಅಣ್ಣಾರ ಅಂದ್ರ ವಶೀಲಿ ಆಗ್ತದ."

ಪೇಡೆ ಕೊಟ್ಟರು. ಅಣ್ಣ ತಿಂದ.

ದೀಪಾವಳಿಗೆ ಮುಂಚೆ ಅಣ್ಣ ಜಾಕೆಟ್, ಯಂತ್ರ, ಗುರುತಿನ ಚೀಟಿ ಮೂರನ್ನೂ ಠಾಣೆಗೆ ಒಪ್ಪಿಸಿ ಬಂದ. ಅವನ ಜಾಗಕ್ಕೆ ಬೇರೊಬ್ಬರು ಬಂದಿದ್ದಾರೆ. ಸಾವ್ಕಾರರ ಗಾಡಿ ಈಗಲೂ ಗೆರೆಯ ಒಳಗೇ ನಿಲ್ಲುತ್ತದೆ. ಇಂದು ಬೆಳಿಗ್ಗೆ ಅವರು ಗೇಟಿನಲ್ಲಿ ಅಣ್ಣನಿಗೆ ಎದುರಾಗಿ "ನಮಸ್ಕಾರ್ರಿ ಸಾಹೇಬ್ರ" ಎಂದು ಅಂಗಡಿಯ ಕಡೆ ಹೋದರು. ಅಣ್ಣ ಪಿಲ್ಲರುಗಳ ಕಡೆ ಒಬ್ಬನೇ ನಡೆದ.