ಮುಚ್ಚಳದ ಎರಡನೆಯ ತಿರುವು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ ಅದು ಎಷ್ಟೋ ಸಲ ಉಪಯೋಗಕ್ಕೂ ಬಂದಿದೆ. ಆದರೆ ಹೋದ ವರ್ಷ ಅದನ್ನು ಚಾಮರಾಜಪೇಟೆಯ ಒಬ್ಬ ಮೆಕ್ಯಾನಿಕ್ ಮೇಲೆ, ನಡುಬೀದಿಯಲ್ಲಿ, ಹತ್ತು ಜನರ ಎದುರು ಸುರಿದುಬಿಟ್ಟೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ಇರುವುದು ನಾನೂ ಅಪ್ಪನೂ ಇಬ್ಬರೇ. ಅಪ್ಪ ಸರ್ಕಾರಿ ಡ್ರೈವರ್ ಆಗಿದ್ದವರು. ಮೂವತ್ತು ವರ್ಷ ಸಾಹೇಬರನ್ನು ಕೂರಿಸಿಕೊಂಡು ಊರೂರು ಸುತ್ತಿದರು. ತಮ್ಮ ಗಾಡಿ ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ ಎನ್ನುವುದು ಅವರಿಗಿರುವ ಒಂದೇ ಜಂಭ. ಬೆಳಿಗ್ಗೆ ನೀರು, ಆಯಿಲ್, ಗಾಳಿ, ಈ ಮೂರನ್ನು ನೋಡದೆ ಅವರು ಗಾಡಿ ಸ್ಟಾರ್ಟ್ ಮಾಡಿದವರೇ ಅಲ್ಲ. ನಿವೃತ್ತಿಯಾದ ಮೇಲೆ ಕೊಂಡ ನಮ್ಮ ಸಣ್ಣ ಕಾರಿಗೂ ಅದೇ ಸೇವೆ. ಅದಕ್ಕೀಗ ಇಪ್ಪತ್ತು ವರ್ಷ ದಾಟಿದೆ. ಪೊರೆ ತೆಗೆಸಿದ ಮೇಲೂ ಕಣ್ಣು ಮಂಜಾಗಿಯೇ ಉಳಿದಾಗ, ಯಾರೂ ಕೇಳುವ ಮೊದಲೇ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಬೆಳಗಿನ ತಪಾಸಣೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆರೂವರೆಗೆ ಹಿತ್ತಾಳೆ ಚೊಂಬಿನಲ್ಲಿ ನೀರು ಹಿಡಿದು ಹೊರಗೆ ಹೋಗುವರು. ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳ ತೆಗೆದು, ಬೆರಳು ಅದ್ದಿ ನೋಡಿ, ಬೇಕಿದ್ದರೆ ನೀರು ತುಂಬುವರು. ಆಮೇಲೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆ ಬಾಗಿಲಲ್ಲಿ ನಿಂತು, ಸಾಹೇಬರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ‘ಗಾಡಿ ರೆಡಿ’ ಎನ್ನುವರು. ಎಂಬತ್ತರ ಹತ್ತಿರ ಬಂದ ಮನುಷ್ಯರಿಗೆ ದಿನದಲ್ಲಿ ಉಳಿದಿದ್ದ ಕೆಲಸ ಅದೊಂದೇ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಕಾರು ಕಾಯಲು ಶುರುವಾಯಿತು. ನನ್ನ ಶಾಲೆ ಮಲ್ಲೇಶ್ವರದಲ್ಲಿ. ಒಂದು ದಿನ ಸಂಪಿಗೆ ರಸ್ತೆಯ ಸಿಗ್ನಲ್‌ನಲ್ಲಿ ನಿಂತಿದ್ದಾಗ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಹಿಂದಿನವರ ಹಾರ್ನ್ ಕೇಳಿಸಿಕೊಳ್ಳುತ್ತ ಹೇಗೋ ಪಕ್ಕಕ್ಕೆ ತಳ್ಳಿಸಿದೆ. ಅಪ್ಪ ಹೇಳಿಕೊಟ್ಟಿದ್ದಂತೆ ಅರ್ಧ ಗಂಟೆ ಆರಲು ಬಿಟ್ಟು, ದಪ್ಪ ಬಟ್ಟೆ ಹಿಡಿದು ಮುಚ್ಚಳ ತೆಗೆದು, ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಮೊದಲ ಪಿರಿಯಡ್ ಕಳೆದುಕೊಂಡು ಶಾಲೆ ಸೇರಿದೆ.

ಮನೆ ಹತ್ತಿರದ ಮೆಕ್ಯಾನಿಕ್ ಅರವತ್ತು ದಾಟಿದವರು, ಮಾತು ಕಡಿಮೆ. ಅವರು ಎಲ್ಲವನ್ನೂ ನೋಡಿದರು. ಫ್ಯಾನ್ ತಿರುಗುತ್ತಿತ್ತು. ಬೆಲ್ಟ್ ಬಿಗಿಯಾಗಿತ್ತು. ಹೋಸ್ ಪೈಪುಗಳಲ್ಲಿ ಬಿರುಕಿಲ್ಲ, ನೀರಿನ ಪಂಪಿನ ಕೆಳಗೆ ತೇವವಿಲ್ಲ. ಆಯಿಲ್‌ನಲ್ಲಿ ನೀರು ಬೆರೆತಿಲ್ಲ, ಹೊಗೆ ಬಿಳಿಯಾಗಿಲ್ಲ, ಅಂದರೆ ಇಂಜಿನ್ನಿನ ಒಳಗೂ ಏನೂ ಒಡೆದಿಲ್ಲ. ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಮಾತ್ರ ಹಸಿರು ಬಣ್ಣ ಕಳೆದುಕೊಂಡು ಬರೀ ನಲ್ಲಿ ನೀರಿನಂತಿತ್ತು. ಅದನ್ನು ಬದಲಿಸಿ, ರೇಡಿಯೇಟರ್ ತೊಳೆದು ಕಳಿಸಿದರು.

ವಾರದೊಳಗೆ ಮತ್ತೆ ಕಾಯಿತು. ಈ ಸಲ, ಕಾವು ನೋಡಿ ನೀರು ಬಿಡುವ ಥರ್ಮೋಸ್ಟಾಟ್ ಹೊಸದು ಹಾಕಿದರು. ಮುಂದಿನ ನಾಲ್ಕು ದಿನ ಕಾರು ಹಸುವಿನಂತೆ ಇತ್ತು. ಐದನೆಯ ದಿನ ಮತ್ತೆ ಅದೇ ಕಥೆ. ಮನೆಯಲ್ಲಿ ಅಪ್ಪ, ಎಲ್ಲೋ ಸಣ್ಣಗೆ ಸೋರುತ್ತಿದೆ, ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಹಾಕು, ಘಾಟಿಯಲ್ಲಿ ನಾವು ಹಾಗೇ ಮಾಡುತ್ತಿದ್ದೆವು ಎಂದರು. ಅರಿಶಿನ ಹಾಕಿದ ಮೇಲೆ ಒಗ್ಗರಣೆಯನ್ನೂ ಕೊಟ್ಟುಬಿಡೋಣವೇ ಎಂದು ನಾನು ಚುಚ್ಚಿದೆ. ಪಕ್ಕದ ಮನೆಯವರು ಗುಜರಿಗೆ ಹಾಕಿ, ಶಾಲೆಗೆ ಮೆಟ್ರೋ ಇದೆಯಲ್ಲ ಎಂದರು. ಅಪ್ಪನ ಮುಖ ಸಣ್ಣಗಾಯಿತು. ಗಾಡಿ ಹೋದರೆ ಅವರ ಬೆಳಿಗ್ಗೆಯೇ ಹೋದ ಹಾಗೆ ಎಂದು ನನಗೆ ಗೊತ್ತಿತ್ತು. ನನ್ನ ಸಿಟ್ಟಿಗೆ ಅದೂ ಒಂದು ಕಾರಣ.

ಮುಂದಿನ ವಾರ ಒಂದು ಸಂಜೆ ಶಾಲೆಯಿಂದ ಬರುವಾಗ ಗ್ಯಾರೇಜಿಗೆ ಸ್ವಲ್ಪ ದೂರವಿದ್ದಂತೆ ಮುಳ್ಳು ಏರಿತು. ಈ ಸಲ ನಾನು ನಿಲ್ಲಿಸಲಿಲ್ಲ, ಬಾನೆಟ್ ಮುಟ್ಟಲೂ ಇಲ್ಲ. ಹಬೆಯಾಡುವ ಕಾರನ್ನು ಹಾಗೇ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿ ಕೂಗಾಡಿದೆ. ಇಷ್ಟು ವರ್ಷ ಅನುಭವ ಅಂತೀರಿ, ಒಂದು ರೋಗ ಹಿಡಿಯಲಿಕ್ಕಾಗಲ್ಲವೇ, ಬೇಕೆಂದೇ ಎಳೆಯುತ್ತಿದ್ದೀರಾ ಎಂದೆಲ್ಲ ಅಂದೆ. ದಾರಿಹೋಕರು ನಿಂತು ನೋಡಿದರು. ಮೆಕ್ಯಾನಿಕ್ ಒಂದು ಸ್ಟೂಲ್ ಹಾಕಿ ನನ್ನನ್ನು ಕೂರಿಸಿ, ಇಂಜಿನ್ ಆರುವವರೆಗೆ ಯಾವ ಯಾವ ದಿನ ಕಾಯಿತು, ಯಾವ ದಿನ ಕಾಯಲಿಲ್ಲ, ನೆನಪು ಮಾಡಿಕೊಂಡು ಬರೆಯಿರಿ ಎಂದರು.

ಬ್ಯಾಗಿನಲ್ಲಿದ್ದ ಒಂದು ಪ್ರಶ್ನೆಪತ್ರಿಕೆಯ ಬೆನ್ನಿಗೆ ಬರೆದೆ. ಕಾಯದೆ ಇದ್ದ ಆ ನಾಲ್ಕು ದಿನಗಳ ಮುಂದೆ ಪೆನ್ನು ನಿಂತಿತು. ಮಂಗಳವಾರದಿಂದ ಶುಕ್ರವಾರ. ಆ ನಾಲ್ಕು ದಿನ ಅಪ್ಪ ಮನೆಯಲ್ಲಿರಲಿಲ್ಲ, ಮತ್ತಿಕೆರೆಯ ಸೋದರತ್ತೆಯ ಮನೆಗೆ ಹೋಗಿದ್ದರು.

ಅಷ್ಟರಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ ನನ್ನನ್ನು ಕರೆದರು. ರೇಡಿಯೇಟರ್ ಮುಚ್ಚಳವನ್ನು ಒಂದೇ ಬೆರಳಲ್ಲಿ ತಿರುಗಿಸಿ ತೋರಿಸಿದರು. ಅದು ಸಡಿಲವಾಗಿ ಬಂದುಬಿಟ್ಟಿತು. ಆ ಮುಚ್ಚಳಕ್ಕೆ ಎರಡು ತಿರುವು. ಮೊದಲನೆಯದಕ್ಕೆ ತಾನಾಗಿಯೇ ನಿಲ್ಲುತ್ತದೆ, ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ಅಲ್ಲಿಂದ ಕೆಳಕ್ಕೆ ಅದುಮಿ ಇನ್ನೊಂದು ಸಲ ತಿರುಗಿಸಿದರೆ ಮಾತ್ರ ಭದ್ರವಾಗಿ ಕೂರುತ್ತದೆ. ಹಾಗೆ ಕೂರದಿದ್ದರೆ ಒಳಗೆ ಒತ್ತಡ ನಿಲ್ಲದೆ, ನೀರು ಬೇಗ ಕುದಿದು ಪಕ್ಕದ ಹೆಚ್ಚುವರಿ ನೀರಿನ ಬಾಟಲಿಗೆ ಹೋಗಿ ಹೊರಗೆ ಚೆಲ್ಲುತ್ತದೆ.

“ಬಾನೆಟ್ ದಿನಾ ಯಾರಮ್ಮ ತೆಗೆಯೋದು?” ಎಂದು ಕೇಳಿದರು.

ನಮ್ಮಪ್ಪ, ಡ್ರೈವರ್ ಆಗಿದ್ದವರು, ಎಂದೆ. ಹಿಂದಿನ ಸಲಗಳಲ್ಲೆಲ್ಲ ದಾರಿಯಲ್ಲಿ ನಾನೇ ನೀರು ತುಂಬಿ ಬಿಗಿಯಾಗಿ ಮುಚ್ಚಿ ತಂದಿದ್ದರಿಂದ ತಪ್ಪು ಮೆಕ್ಯಾನಿಕ್ ಕಣ್ಣಿಗೆ ಬಿದ್ದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಮುಚ್ಚಳ ಒರೆಸುತ್ತಿದ್ದರು.

“ಅವರ ಕೈಲಿ ಶಕ್ತಿ ಇಲ್ಲ ಅಷ್ಟೇ. ಕೆಲಸ ಗೊತ್ತಿಲ್ದೆ ಅಲ್ಲ,” ಎಂದರು. “ಹೆಂಗೆ ಹೇಳ್ತೀರ, ನೀವೇ ನೋಡ್ಕೊಳ್ಳಿ.”

ನಾನು ಹೇಳಲಿಲ್ಲ. ಹೊಸ ಮುಚ್ಚಳ ಹಾಕಿಸಿ, ಹಳೆಯದನ್ನು ಮನೆಗೆ ತಂದು, ಇದರ ರಬ್ಬರ್ ಹೋಗಿತ್ತಂತೆ, ಅದಕ್ಕೇ ಕಾಯುತ್ತಿತ್ತಂತೆ ಎಂದು ಅಪ್ಪನ ಕೈಗಿಟ್ಟೆ. ಜೊತೆಗೆ, ಹೊಸದು ಬಿಗಿ ಇದೆ, ಒಂದು ತಿಂಗಳು ತೆಗೆಯುವುದೇ ಬೇಡ ಎಂದಿದ್ದಾರೆ ಎಂದೂ ಸೇರಿಸಿದೆ. ಬುದ್ಧಿವಂತಿಕೆ ಅತಿಯಾಯಿತು. ಅಪ್ಪ ಮುಚ್ಚಳವನ್ನು ತಿರುವಿ ಹಾಕಿ ರಬ್ಬರಿನ ಸುತ್ತ ಹೆಬ್ಬೆರಳು ಆಡಿಸಿದರು. ಒಳಗಿನ ಸ್ಪ್ರಿಂಗನ್ನು ಅದುಮಲು ನೋಡಿದರು. ಎರಡು ಸಲ ನೋಡಿದರು, ಅದು ಒಳಗೆ ಹೋಗಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು, ಆಗಲೂ ಹೋಗಲಿಲ್ಲ.

“ರಬ್ಬರ್ ಚೆನ್ನಾಗೇ ಇದೆಯಲ್ಲಮ್ಮ,” ಎಂದು ಮೆಲ್ಲಗೆ ಹೇಳಿ ಮುಚ್ಚಳವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಚೊಂಬು ಜಗುಲಿಯ ಮೇಲೆ ಬೋರಲಾಗಿಯೇ ಇತ್ತು. ಅಪ್ಪ ಪೇಪರ್ ಹಿಡಿದು ಕೂತಿದ್ದರು. ಆ ಅಕ್ಷರ ಅವರಿಗೆ ಕಾಣುವುದಿಲ್ಲ. ಅಡುಗೆಮನೆ ಬಾಗಿಲಿಗೆ ಯಾರೂ ಬರಲಿಲ್ಲ. ಕಾರು ಅವತ್ತು ಕಾಯಲಿಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ಸಂಪಿಗೆ ರಸ್ತೆಯ ಸಿಗ್ನಲ್‌ನಲ್ಲಿ ಮುಳ್ಳು ನಡುವೆ ತೆಪ್ಪಗೆ ನಿಂತಿದ್ದನ್ನು ನೋಡಿ ನನಗೆ ಅಳು ಬಂತು. ಗಾಡಿ ಉಳಿಸಿಕೊಂಡು ಅಪ್ಪನನ್ನು ಮೂಲೆಗೆ ಕೂರಿಸಿದ್ದೆ.

ನಾಲ್ಕನೆಯ ದಿನ ಚೊಂಬು ತುಂಬಿಕೊಂಡು ನಾನೇ ಹೊರಗೆ ಹೋದೆ. ಬಾನೆಟ್ ಎತ್ತಿ, ಮುಚ್ಚಳ ತೆಗೆದು, ನೀರು ನೋಡಿ, ಮೊದಲ ತಿರುವಿಗೆ ಮಾತ್ರ ಮುಚ್ಚಿ ಅಪ್ಪನನ್ನು ಕರೆದೆ. ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಒಂದು ಸಲ ನೋಡಿ ಎಂದೆ. ಬರುವುದಿಲ್ಲವೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಚಪ್ಪಲಿ ಸದ್ದು ಕೇಳಿತು. ಅಪ್ಪ ಬಗ್ಗಿ ಮುಚ್ಚಳದ ಮೇಲೆ ಬೆರಳಿಟ್ಟರು, ಅಷ್ಟೇ. ನೋಡಲೂ ಇಲ್ಲ.

“ಅರ್ಧಕ್ಕೆ ಬಿಟ್ಟಿದೀಯ,” ಎಂದರು. ಆಮೇಲೆ ನನ್ನ ಮುಖದ ಕಡೆ ತಿರುಗಿದರು. “ಬೇಕೂ ಅಂತಾನೇ ಬಿಟ್ಟಿದೀಯ.”

ಹೌದು ಎಂದೆ. ಇನ್ನು ಸುಳ್ಳು ಹೇಳುವ ಶಕ್ತಿ ನನಗೂ ಇರಲಿಲ್ಲ. ನಿಮ್ಮ ಬೆರಳಿಗೆ ಗೊತ್ತಾಗುವುದು ನನಗೆ ಗೊತ್ತಾಗುವುದಿಲ್ಲ, ಅದುಮುವುದು ಮಾತ್ರ ನನ್ನ ಕೈಲಿ ಆಗುತ್ತದೆ ಎಂದೆ. ಅಪ್ಪ ಮುಚ್ಚಳದ ಮೇಲೆ ನನ್ನ ಅಂಗೈ ಇಡಿಸಿ, ಅದರ ಮೇಲೆ ತಮ್ಮ ಕೈ ಇಟ್ಟರು. ಒಣಗಿದ, ಹಗುರವಾದ ಕೈ.

“ಅದುಮು. ಹೂಂ, ಈಗ ತಿರುಗ್ಸು.”

ಅದು ಕೂತಿದ್ದು ನನಗಿಂತ ಮೊದಲು ಅವರಿಗೆ ತಿಳಿಯಿತು. ಕೈ ತೆಗೆದುಕೊಂಡರು. ಬಾನೆಟ್ ಇಳಿಸಿ ನಾನು ಒಳಗೆ ಬಂದು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನೆರಳು ಬಿತ್ತು. ಅಪ್ಪ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

“ಗಾಡಿ ರೆಡಿ,” ಎಂದರು.