ಕೋವಿಯ ಗಂಟಲು ಬಲ್ಲ ಕೊರೀನ್

ಪೂರ್ವದ ಗೋಧಿ ಬಯಲಿನ ಅಂಚಿನಲ್ಲಿ ಕೆಂಪು ಈಗಷ್ಟೇ ಹರಡುತ್ತಿದೆ. ಪಡುವಣದ ಶಿಖರಗಳ ನೆತ್ತಿಗೆ ಆಗಲೇ ಬಿಸಿಲು ಬಿದ್ದಿದೆ. ತಗಡಿನ ಶೆಡ್ಡಿನೊಳಗೆ ಕೊರೀನ್ ಹಾಫ್‌ಸ್ಟಡ್ ಲೇತ್ ಯಂತ್ರದ ಮುಂದೆ ನಿಂತು ಕೋವಿಯ ಉಕ್ಕಿನ ನಳಿಗೆಯೊಂದರ ಬುಡ ಕೊರೆಯುತ್ತಿದ್ದಾರೆ. ಕಾಡತೂಸು ಕೂರುವ ಗೂಡು ಅದು. ಕೊರೆಯುವ ಉಳಿ ಚೂರೇ ಚೂರು ಒಳಗೆ ಹೋಗುತ್ತದೆ. ಹೊರಗೆಳೆಯುತ್ತಾರೆ, ಉಕ್ಕಿನ ಹೊಟ್ಟು ಒರೆಸುತ್ತಾರೆ, ಎಣ್ಣೆ ಬಿಡುತ್ತಾರೆ, ಮತ್ತೆ ಒಳಗೆ ಬಿಡುತ್ತಾರೆ. ಹೀಗೆ ನಲವತ್ತು ಸಲವಾದರೂ ಆಗಬೇಕು. ಹೊರಗೆ ಗಾಳಿ ಏಳುವ ಮೊದಲೇ ಈ ಕೆಲಸ ಮುಗಿಸಿಬಿಡುತ್ತಾರೆ. ಗಾಳಿ ಎದ್ದರೆ ತಗಡು ಬಡಿದುಕೊಳ್ಳುತ್ತದೆ, ಉಳಿಯ ಸದ್ದು ಕಿವಿಗೆ ಬೀಳುವುದಿಲ್ಲ.

"ಇನ್ನು ಎರಡು ಪಾಲು ಇದೆ," ಎನ್ನುತ್ತಾರೆ. ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು. ತಲೆಗೂದಲಿನ ದಪ್ಪವೇ ಮೂರು ಪಾಲು. ಇಷ್ಟು ಹೇಳಿದ ಮೇಲೆ ಮಾಪಕದ ಮುಳ್ಳಿನ ಕಡೆ ತಿರುಗುತ್ತಾರೆ. ಮುಳ್ಳು ಎರಡರ ಮೇಲೆ ನಿಂತಿದೆ.

ಕಡೆಯ ಪರೀಕ್ಷೆಗೆ ಕಾಡತೂಸಿನ ಆಕಾರದ ಎರಡು ಉಕ್ಕಿನ ತುಂಡುಗಳಿವೆ. ಒಂದರ ಮೇಲೆ ಕೋವಿಯ ಬೋಲ್ಟ್, ಗೂಡಿನ ಹಿಂಬಾಗಿಲಿನಂಥ ಅಗುಳಿ, ಸಲೀಸಾಗಿ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು. ಎರಡಕ್ಕೂ ಇರುವ ವ್ಯತ್ಯಾಸ ಒಂದೆರಡು ಕೂದಲಿನಷ್ಟು. ಅದು ತಪ್ಪಿದರೆ ಬೆಂಕಿ ಸಿಡಿಯುವುದು ಬೇಟೆಗಾರನ ಕೆನ್ನೆಯ ಪಕ್ಕದಲ್ಲಿ. ಮೂವತ್ತು ವರ್ಷಗಳಲ್ಲಿ ಅವರು ಹೊಸ ನಳಿಗೆ ಕೂರಿಸಿದ ಕೋವಿಗಳು ಸಾವಿರಕ್ಕೂ ಹೆಚ್ಚು. ಒಂದೂ ಈ ಪರೀಕ್ಷೆಯಲ್ಲಿ ಸೋತು ಹೊರಗೆ ಹೋಗಿಲ್ಲ.

ಮೊಂಟಾನಾದ ಸ್ಟೋನ್ ಫೋರ್ಕ್ ಎಂಬ ಈ ಊರಲ್ಲಿ ನಾನೂರು ಜನ, ಅದಕ್ಕಿಂತ ಹೆಚ್ಚು ಕೋವಿಗಳು. ಕೊರೀನ್ ಮೊದಲು ರೈಲ್ವೆ ಕಾರ್ಖಾನೆಯಲ್ಲಿ ಗಾಲಿಯ ಅಚ್ಚು ಕಡೆಯುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಅವರಿಗೆ ಇಪ್ಪತ್ತೆಂಟು. ಅಲ್ಲಿಯ ಹಳೆಯ ಲೇತ್ ಒಂದನ್ನು ಹರಾಜಿನಲ್ಲಿ ಹಿಡಿದು ಮನೆಯ ಹಿಂದಿನ ಶೆಡ್ಡಿಗೆ ತಂದರು. ಕೋವಿ ಕೆಲಸ ಮಾಡುತ್ತೇನೆಂದು ಬೋರ್ಡು ಹಾಕಿದರು. ಬಂದ ಗಿರಾಕಿಗಳೆಲ್ಲ ಅವರ ಭುಜದ ಮೇಲಿಂದ ಒಳಗೆ ಇಣುಕಿ, "ಯಜಮಾನರು ಎಲ್ಲಿ?" ಎಂದು ಕೇಳಿ ಹೊರಟುಹೋಗುತ್ತಿದ್ದರು.

ಕೊನೆಗೆ ಗಂಡನ ತಮ್ಮ ಲೈಲ್‌ನನ್ನು ಮುಂದಿನ ಮೇಜಿಗೆ ಕೂರಿಸಿದರು. ಲೈಲ್‌ಗೆ ಲೇತ್‌ನ ತಲೆ ಯಾವುದು ಬಾಲ ಯಾವುದು ಗೊತ್ತಿರಲಿಲ್ಲ. ಆದರೆ ಪೊದೆಯಂಥ ಮೀಸೆಯಿತ್ತು. ಗಿರಾಕಿ ಏನು ಕೇಳಿದರೂ ಮೀಸೆ ತೀಡಿಕೊಂಡು, "ತಾಳಿ, ಒಳಗೆ ಪುಸ್ತಕ ನೋಡ್ಕೊಂಡು ಬರ್ತೀನಿ" ಎಂದು ಎದ್ದುಬರುತ್ತಿದ್ದ. ಒಳಗೆ ಕೊರೀನ್ ಹೇಳಿದ್ದನ್ನು ಕೇಳಿಕೊಂಡು ಹೋಗಿ ಹೇಳುತ್ತಿದ್ದ. ಆರು ವರ್ಷ ಹೀಗೇ ನಡೆಯಿತು. ಲೈಲ್‌ನ ಹೆಸರು ಮೂರು ಜಿಲ್ಲೆಗೆ ಹಬ್ಬಿತು. ಕಡೆಗೆ ಒಂದು ಭಾನುವಾರ ಚರ್ಚಿನ ಕಾಫಿ ಹೊತ್ತಿನಲ್ಲಿ ಯಾರೋ ಅವನನ್ನು ಹೊಗಳುತ್ತಿದ್ದಾಗ ಅವನಿಗೇ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, "ಇನ್ನು ನನ್ನ ಕೈಲಾಗಲ್ಲಪ್ಪ. ಆ ಪುಸ್ತಕ ಅಂದ್ರೆ ನಮ್ಮತ್ತಿಗೆ" ಎಂದ.

"ಅವತ್ತು ಹನ್ನೆರಡು ಜನ ಮಾತು ಬಿಟ್ರು," ಎಂದು ಕೊರೀನ್ ನಗುತ್ತಾರೆ. "ಬೇಟೆ ಕಾಲ ಬರ್ತಿದ್ದ ಹಾಗೇ ಹತ್ತು ಜನ ವಾಪಸ್ ಬಂದ್ರು. ಇನ್ನಿಬ್ಬರ ಕೋವಿ ಇನ್ನೂ ಸವೆದಿಲ್ವೇನೋ!"

ನಳಿಗೆ ಕೂರಿಸುವುದು ಅರ್ಧ ಕೆಲಸ. ಯಾವ ಕಾಡತೂಸಿಗೆ ಕೂರಿಸಬೇಕು ಎಂಬುದು ಇನ್ನರ್ಧ. ಹಳೆಯ ನಳಿಗೆ ಸವೆದುಹೋದಾಗ ಹಳೆಯ ಕಾಡತೂಸಿಗೇ ಅಂಟಿಕೊಳ್ಳಬೇಕೆಂದಿಲ್ಲ. ಮನುಷ್ಯ ಬದಲಾಗಿರುತ್ತಾನೆ, ಕೋವಿಯೂ ಬದಲಾಗಬಹುದು. ಆದರೆ ಹಾಗೆ ಬದಲಾಗಿದ್ದೇನೆಂದು ಒಪ್ಪಿಕೊಳ್ಳುವ ಗಂಡಸರು ಈ ಊರಿನಲ್ಲಿ ಅಪರೂಪ.

ಈ ಜೂನ್‌ನಲ್ಲಿ ರಾಯ್ಸ್ ಕಿಟಲ್‌ಸನ್ ಬಂದರು. ಶಾಲೆಯ ಬಸ್ಸು ಓಡಿಸುವವರು, ವಯಸ್ಸು ಅರವತ್ತನಾಲ್ಕು. ಬೆಟ್ಟದ ಕಾಡುಟಗರನ್ನು ಬೇಟೆಯಾಡಲು ಸರ್ಕಾರ ಚೀಟಿ ಎತ್ತಿ ಪರವಾನಗಿ ಕೊಡುತ್ತದೆ. ರಾಯ್ಸ್ ಮೂವತ್ತೊಂದು ವರ್ಷ ಅರ್ಜಿ ಹಾಕಿದ್ದರು. ಈ ವರ್ಷ ಹೆಸರು ಬಂತು. ಇನ್ನೊಮ್ಮೆ ಬರುವಷ್ಟು ಆಯುಷ್ಯವಿಲ್ಲವೆಂದು ಅವರಿಗೂ ಗೊತ್ತು.

ಅವರ ಹಳೆಯ ಏಳು ಮಿಲಿಮೀಟರ್ ಮ್ಯಾಗ್ನಮ್, ಅಂದರೆ ಹೆಚ್ಚು ಮದ್ದಿನ ಕಾಡತೂಸಿನ, ಕೋವಿಯ ನಳಿಗೆಯೊಳಗೆ ಕೊರೀನ್ ಸಣ್ಣ ಕ್ಯಾಮೆರಾ ಇಳಿಸಿದರು. ಗುಂಡು ಹೊರಡುವ ಗಂಟಲಿನಲ್ಲಿ ಉಕ್ಕು ಬತ್ತಿದ ಕೆರೆಯ ತಳದಂತೆ ಬಿರಿದಿತ್ತು.

"ಹೋಯ್ತು ಅಂತ ನನಗೂ ಗೊತ್ತು," ಎಂದರು ರಾಯ್ಸ್. "ಈ ಸಲ ದೊಡ್ಡದೇ ಹಾಕ್ಕೊಡು. ಆ ಮುನ್ನೂರ ಮೂವತ್ತೆಂಟು ಅನ್ನೋ ದಪ್ಪ ಕಾಡತೂಸು ಇದೆಯಲ್ಲ, ಅದು. ಸಾವಿರ ಗಜದಿಂದ ಟಗರನ್ನ ಮಾತಾಡಿಸ್ಬೇಕು."

"ಸಾವಿರ ಗಜದಲ್ಲಿ ಯಾವತ್ತಾದ್ರೂ ಹೊಡ್ದಿದ್ದೀಯಾ?"

"ಇಲ್ಲ."

"ನಾನೂರರಲ್ಲಿ?"

"ಗಾಳಿ ಇಲ್ದೇ ಇದ್ರೆ ಹೊಡೀತೀನಿ."

"ಈ ಊರಲ್ಲಿ ಗಾಳಿ ಇಲ್ಲದ ದಿನ ಯಾವ್ದಪ್ಪ?"

"ನಮ್ಮಜ್ಜಿ ಸತ್ತ ದಿನ ಸ್ವಲ್ಪ ನಿಂತಿತ್ತು."

ಕೊರೀನ್ ನಗಲಿಲ್ಲ. ಕೋವಿಯ ಬೋಲ್ಟ್ ಕಳಚಿ ಮೇಜಿನ ಮೇಲಿಟ್ಟರು. ಕಾಡತೂಸಿನ ತಳವನ್ನು ಹಿಡಿಯುವ ಬಾಯಿ ಅದಕ್ಕೊಂದಿದೆ. ಮುನ್ನೂರ ಮೂವತ್ತೆಂಟರ ಖಾಲಿ ಚಿಪ್ಪನ್ನು ಅಲ್ಲಿಗೆ ಹಿಡಿದರು. ಕೂರಲಿಲ್ಲ, ತಳ ಅಗಲವಾಯಿತು. ಕೋವಿಯ ಹೊಟ್ಟೆಯಲ್ಲಿರುವ, ಕಾಡತೂಸು ತುಂಬುವ ಪೆಟ್ಟಿಗೆಗೆ ಹಿಡಿದರು. ಅಲ್ಲಿಯೂ ಉದ್ದವಾಯಿತು.

"ಬೋಲ್ಟೂ ಹೊಸದು ಹಾಕು," ಎಂದರು ರಾಯ್ಸ್.

"ಹಾಕ್ತೀನಿ. ಮೊದ್ಲು ನನ್ನ ಜೊತೆ ಹಿತ್ತಲಿಗೆ ಬಾ."

ಶೆಡ್ಡಿನ ಹಿಂದೆ ಮಣ್ಣಿನ ದಿಬ್ಬವಿದೆ. ಬೋಲ್ಟ್ ಮತ್ತೆ ಕೂರಿಸಿ, ಹಳೆಯ ನಳಿಗೆಯಲ್ಲೇ ಐದು ಗುಂಡು ಹೊಡೆ ಎಂದರು. ಪ್ರತಿಸಲ ಕಾಡತೂಸನ್ನು ತಾವೇ ಹಾಕಿ ಕೋವಿ ಕೈಗೆ ಕೊಟ್ಟರು. ನಾಲ್ಕನೆಯ ಸಲ ಹಾಕಿದ್ದು ಮದ್ದಿಲ್ಲದ ಪೊಳ್ಳು. ರಾಯ್ಸ್‌ಗೆ ಅದು ಗೊತ್ತಿರಲಿಲ್ಲ. ಬೆರಳಿಟ್ಟು ಕೋವಿಯ ಕುದುರೆ ಎಳೆದರು. ಟಿಕ್ ಎಂದಿತು. ಗುಂಡು ಹಾರಲಿಲ್ಲ, ಆದರೆ ಕೊಕ್ಕರೆ ನೀರಿಗೆ ಕುಕ್ಕಿದ ಹಾಗೆ ನಳಿಗೆಯ ಮೂತಿ ಕೆಳಗೆ ಬಗ್ಗಿತು. ಗುಂಡು ಹಾರಿದಾಗ ಕೋವಿ ಭುಜಕ್ಕೆ ಕೊಡುವ ಒದೆಗೆ ಹೆದರಿ ಮೈ ಮೊದಲೇ ಮುದುಡಿತ್ತು. ಎರಡು ಚಳಿಗಾಲದ ಹಿಂದೆ ಅವರ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು.

ರಾಯ್ಸ್ ಕೋವಿ ಕೆಳಗಿಳಿಸಿದರು.

"ಮುದುಕ ಆದೆ ಅನ್ನು," ಎಂದರು ರಾಯ್ಸ್.

"ಹಾಗಲ್ಲ ರಾಯ್ಸ್. ನಿನ್ನ ಭುಜಕ್ಕೆ ನಿನಗಿಂತ ಬುದ್ಧಿ ಇದೆ. ಆರೂವರೆ ಮಿಲಿಮೀಟರ್ ಮ್ಯಾಗ್ನಮ್ ಹಾಕ್ಸು. ಅದರ ತಳ ನಿನ್ನ ಬೋಲ್ಟಿಗೆ ಹಾಗೇ ಕೂರುತ್ತೆ, ಪೆಟ್ಟಿಗೇಲೂ ಹಿಡಿಯುತ್ತೆ. ಮದ್ದು ಕಮ್ಮಿ, ಒದೆ ಕಮ್ಮಿ. ಗುಂಡು ಸಪೂರ ಉದ್ದ, ಗಾಳಿ ಸೀಳ್ಕೊಂಡು ಹೋಗುತ್ತೆ. ನಮ್ಮೂರ ಅಂಗಡೀಲೇ ಸಿಗುತ್ತೆ. ಟಗರಿಗೆ ಅಷ್ಟು ಸಾಲದಾ?"

"ಆರೂವರೆನಾ? ಅದು ಹೆಂಗಸರ ಕಾಡತೂಸು ಅಂತಾರಲ್ಲೇ!"

"ಹೆಂಗಸರು ಒಂದೇ ಗುಂಡಲ್ಲಿ ಮನೆಗೆ ಮಾಂಸ ತರ್ತಾರೆ ನೋಡು, ಅದಕ್ಕೇ ಹಾಗಂತಾರೆ."

ರಾಯ್ಸ್ ಕೋವಿ ಹೆಗಲಿಗೇರಿಸಿ ದಡದಡ ಹೊರಟುಹೋದರು. ಒಂಬತ್ತು ದಿನ ಸುಳಿಯಲಿಲ್ಲ. ಹತ್ತನೆಯ ದಿನ ಬಂದು, ಮುಖ ನೋಡದೆ ಕೋವಿಯನ್ನು ಮೇಜಿನ ಮೇಲೆ ಮಲಗಿಸಿದರು. "ಎರಡು ವರ್ಷದ ಹಿಂದೆ ಒಂದು ಹೆಣ್ಣು ಎಲ್ಕ್ ಜಿಂಕೆಗೆ ಹೊಟ್ಟೆಗೆ ಹೊಡ್ದಿದ್ದೆ," ಎಂದರು. "ಎರಡು ದಿನ ರಕ್ತದ ಜಾಡು ಹಿಡ್ದು ಅಲೆದೆ. ಸಿಗ್ಲಿಲ್ಲ. ಗುಂಡು ಸಣ್ಣದಾಯ್ತು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ." ಕೊರೀನ್ ಹಳೆಯ ನಳಿಗೆಯನ್ನು ಇಕ್ಕಳಕ್ಕೆ ಸಿಕ್ಕಿಸಿ ತಿರುಗಿಸಲು ಶುರುಮಾಡಿದರು.

ಎರಡು ದಿನದಲ್ಲಿ ಹೊಸ ನಳಿಗೆ ಕೂತಿತು. ಕೊರೀನ್ ಒಂದು ಷರತ್ತು ಮಾತ್ರ ಹಾಕಿದರು: ವಾರಕ್ಕೆ ಎರಡು ಸಲ ದಿಬ್ಬಕ್ಕೆ ಬರಬೇಕು, ನಡುನಡುವೆ ಪೊಳ್ಳು ಹಾಕುವುದು ತಮ್ಮ ಇಷ್ಟ. ಆಗಸ್ಟ್ ಹೊತ್ತಿಗೆ ಟಿಕ್ ಎಂದರೂ ಮೂತಿ ಅಲುಗದಾಯಿತು. ನಾನೂರು ಗಜಕ್ಕಿಂತ ಆಚೆ ಕುದುರೆ ಮುಟ್ಟುವುದಿಲ್ಲವೆಂದು ರಾಯ್ಸ್ ತಾವಾಗಿಯೇ ಮಾತು ಕೊಟ್ಟರು.

ಸೆಪ್ಟೆಂಬರ್ ಕೊನೆಯ ವಾರ. ಬೆಟ್ಟದಲ್ಲಿ ಎಂಟನೆಯ ದಿನ ಟಗರು ಕಂಡದ್ದು ಏಳುನೂರ ಇಪ್ಪತ್ತು ಗಜದಲ್ಲಿ, ಗಾಳಿ ಬೀಸುವ ಕಣಿವೆಯ ಆಚೆ ಬದಿಯಲ್ಲಿ. ರಾಯ್ಸ್ ಹೊಡೆಯಲಿಲ್ಲ. ಕಣಿವೆಗಿಳಿದು, ಗಾಳಿಗೆ ಎದುರಾಗಿ ಸುತ್ತು ಹಾಕಿ, ಕಡೆಯ ನೂರು ಗಜ ಜಲ್ಲಿಕಲ್ಲಿನ ಮೇಲೆ ಹೊಟ್ಟೆಯೂರಿ ತೆವಳಿದರು. ಐದು ಗಂಟೆ ಹಿಡಿಯಿತು. ಇನ್ನೂರ ತೊಂಬತ್ತು ಗಜದಿಂದ ಒಂದೇ ಗುಂಡು. ಟಗರು ಎರಡು ಹೆಜ್ಜೆ ಇಟ್ಟು ಕೂತುಬಿಟ್ಟಿತು.

ಬೆಟ್ಟ ಇಳಿದವರು ಮನೆಗೆ ಹೋಗುವ ಮೊದಲು ಈ ಶೆಡ್ಡಿಗೆ ಬಂದರು. ತೊಡೆಯ ಮಾಂಸದ ದೊಡ್ಡ ಗಂಟನ್ನು ಲೇತ್ ಪಕ್ಕದಲ್ಲಿಟ್ಟರು.

"ದುರ್ಬೀನಲ್ಲಿ ಅದರ ಉಸಿರಿನ ಹಬೆ ಕಾಣ್ತು ಕಣೆ ಕೊರೀನ್," ಎಂದರು. "ಕೊಂಬಿನ ಮೇಲೆ ವರ್ಷವರ್ಷದ ಉಂಗುರ ಕಾಣ್ತು. ಹತ್ತು ನಿಮಿಷ ಸುಮ್ನೆ ನೋಡ್ತಾ ಬಿದ್ದಿದ್ದೆ. ಸಾವಿರ ಗಜದಿಂದ ಹೊಡ್ದಿದ್ರೆ ನಾನು ಏನನ್ನ ಹೊಡ್ದೆ ಅಂತಾನೇ ಗೊತ್ತಾಗ್ತಿರಲಿಲ್ಲ."

ಜಿಲ್ಲೆಯ ವಾರಪತ್ರಿಕೆಯಲ್ಲಿ ರಾಯ್ಸ್ ಮತ್ತು ಟಗರಿನ ಚಿತ್ರ ಬಂತು. ಕೋವಿಯೂ ಚಿತ್ರದಲ್ಲಿತ್ತು. ಕೊರೀನ್ ಹೆಸರಿರಲಿಲ್ಲ.

ಕಾಡತೂಸು ಬದಲಾದರೆ ನಳಿಗೆಯ ಹೊರಮೈ ಮೇಲೆ ಅದರ ಹೆಸರನ್ನು ಕಾಣುವಂತೆ ಕೊರೆಯಲೇಬೇಕು. ಇಲ್ಲದಿದ್ದರೆ ಮುಂದೆ ಯಾರಾದರೂ ತಪ್ಪು ಗುಂಡು ತುಂಬಿಯಾರು. ತಮ್ಮ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಕೊರೀನ್ ನಳಿಗೆಯ ಅಡಿಯಲ್ಲಿ, ಮರದ ಹಿಡಿಯೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕದಾಗಿ ಒತ್ತುತ್ತಾರೆ. ಅಲ್ಲಿ ಒತ್ತಿದರೆ ಯಾರಿಗೆ ಕಾಣುತ್ತದೆ ಎಂದು ಕೇಳಿದರೆ ಕೈಯ ಎಣ್ಣೆ ಒರೆಸಿಕೊಳ್ಳುತ್ತಾರೆ.

"ಈ ನಳಿಗೇನೂ ಒಂದಿನ ಸವೆಯುತ್ತಲ್ಲ. ಆಗ ಇನ್ನೊಬ್ಬ ಕೆಲಸದವನು ಬಿಚ್ತಾನೆ, ಅವನಿಗೆ ಕಾಣುತ್ತೆ. ಉಕ್ಕಿನ ತುಂಡು ಹಾಕಿ ಅಳತೆ ನೋಡ್ಲಿ. ನೋಡಿದ್ಮೇಲೆ, ಇದನ್ನ ಕೊರೆದೋರು ಯಾರಪ್ಪ ಅಂತ ಒಂದು ಸಲ ಅಂದ್ಕೊಳ್ಳಿ. ನನಗೆ ಅಷ್ಟು ಸಾಕು."